200 ಸಿಡಿ ಚೇಂಜರ್: ತಿರುಗುತ್ತೆ, ಎತ್ತುತ್ತೆ, ವಾಪಸ್ ಇಟ್ಟುಬಿಡುತ್ತೆ. ನಿಜವಾಗಿ ಲೆನ್ಸೇ ಹೋಗಿದೆಯಾ?

ಅಡಿಕೆಚಪ್ಪರ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಹಳ್ಳಿಯಿಂದ ಬರೀತಿದ್ದೇನೆ. ಅಣ್ಣ 2001ರಲ್ಲಿ ಅಮೆರಿಕದಿಂದ ವಾಪಸ್ ಬರುವಾಗ 200 ಸಿಡಿ ಹಿಡಿಸುವ ಚೇಂಜರ್ ಒಂದನ್ನ ತಂದಿದ್ದ. ಮನೆಯಲ್ಲಿ ಅದರ ಹೆಸರು ಜ್ಯೂಕ್‌ಬಾಕ್ಸ್. ಅದರ ಹೊಟ್ಟೆ ತುಂಬಿಸಲು ಅಪ್ಪನಿಗೆ ಹತ್ತು ವರ್ಷ ಬೇಕಾಯ್ತು. ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ನಡುನಡುವೆ ತಾಳಮದ್ದಲೆ ಕ್ಯಾಸೆಟ್‌ಗಳಿಂದ ಮನೆಯಲ್ಲೇ ಬರ್ನ್ ಮಾಡಿಸಿದ ಸಿಡಿಗಳು. ಯಾವ ನಂಬರಿನಲ್ಲಿ ಏನಿದೆ ಅನ್ನೋದು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿದೆ.

ಆರು ವರ್ಷ ಯಾರೂ ಮುಟ್ಟಿರಲಿಲ್ಲ. ಕಳೆದ ವಾರ ಅಪ್ಪ 37ನೇ ನಂಬರು ಒತ್ತಿದರು. ತಟ್ಟೆ ತಿರುಗಿತು, 37ರ ಎದುರಿಗೇ ನಿಂತಿತು, ಒಳಗೆ ‘ಕರ್ರ್’ ಅಂತ ಸದ್ದಾಯ್ತು, ಸಿಡಿ ಅರ್ಧ ಮೇಲೆದ್ದು ಹಾಗೇ ಕೆಳಗೆ ಕೂತಿತು. ಪರದೆ ಮೇಲೆ ‘ನೋ ಡಿಸ್ಕ್’. ಎರಡು ಮೂರು ಸಲ ಹೀಗೇ. ಆಮೇಲೆ ಮತ್ತೊಂದು ಆಟ ಶುರು: ತಟ್ಟೆ ನಿಲ್ಲುವುದೇ ಇಲ್ಲ, ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತೆ.

ಪೇಟೆಯ ರಿಪೇರಿಯವರಿಗೆ ತೋರಿಸಿದೆ. ಮುಚ್ಚಳ ಕೂಡ ತೆಗೀಲಿಲ್ಲ ಮಾರಾಯ್ರೆ. “ಲೆನ್ಸ್ ಹೋಗಿದೆ, ಇದರ ಲೆನ್ಸ್ ಈಗ ಬರೋದಿಲ್ಲ, ಗುಜರಿಗೆ ಹಾಕಿ” ಅಂದರು. ಕಂಪನಿ ಹೆಸರು ಹೇಳೋದಿಲ್ಲ, ಎಲ್ಲರ ಮನೆ ದೋಸೆನೂ ತೂತೇ. ನನಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತೆ, ಮಲ್ಟಿಮೀಟರ್ ಇದೆ, ಕಾಯಿಲ್ ಸುತ್ತಿದ ಅನುಭವ ಇಲ್ಲ. ಎಲ್ಲಿಂದ ಶುರು ಮಾಡಲಿ?

ಡಿಜಿಟಲ್‌ದಾಸ · ಭಾನುವಾರ ರಾತ್ರಿ 10:05

ಸಾರ್, ಬೇಜಾರಾಗಬೇಡಿ. 200 ಸಿಡಿನೂ ಕಂಪ್ಯೂಟರಿಗೆ ಹಾಕಿ ಫ್ಲ್ಯಾಕ್ (ಧ್ವನಿಯ ಗುಣ ಕೆಡದಂತೆ ಕುಗ್ಗಿಸಿದ ಫೈಲ್) ಮಾಡ್ಕೊಳಿ. ಒಂದು ಸಿಡಿಗೆ 300ರಿಂದ 400 ಎಂಬಿ ಹಿಡೀರಿ, ಎಲ್ಲ ಸೇರಿ 80 ಜಿಬಿ ದಾಟಲ್ಲ. ಅಂಗೈ ಅಗಲದ ಡ್ರೈವ್‌ನಲ್ಲಿ ಮುಗೀತು. ಆ ಪೆಟ್ಟಿಗೆ ಜೊತೆ ಒದ್ದಾಡೋದ್ಯಾಕೆ?

ಅಡಿಕೆಚಪ್ಪರ · ಭಾನುವಾರ ರಾತ್ರಿ 10:12

ಅದನ್ನೂ ಮಾಡ್ತೇನೆ. ಆದರೆ ಅಪ್ಪನಿಗೆ 78 ವರ್ಷ. ಫೋನಿನಲ್ಲಿ ಫೋಲ್ಡರ್ ಹುಡುಕೋದು ಅವರಿಗೆ ಬರಲ್ಲ, 37 ಒತ್ತೋದು ಬರುತ್ತೆ.

ಸೋಲ್ಡರ್‌ಸ್ವಾಮಿ · ಭಾನುವಾರ ರಾತ್ರಿ 11:20

ಬೆಂಗಳೂರಲ್ಲಿ ಇಪ್ಪತ್ತೈದು ವರ್ಷ ಟಿವಿ, ಟೇಪ್, ಸಿಡಿ ರಿಪೇರಿ ಮಾಡಿದವನು ನಾನು. ಮುಚ್ಚಳ ತೆಗೆಯದೆ ‘ಲೆನ್ಸ್ ಹೋಗಿದೆ’ ಅನ್ನೋದು ನಮ್ಮ ಕಸುಬಿನ ಹಳೇ ಮಂತ್ರ. ನಾನೂ ಹೇಳಿದ್ದೀನಿ, ಸುಳ್ಳು ಯಾಕೆ ಹೇಳಲಿ.

ನೀವು ಬರೆದ ಲಕ್ಷಣದಲ್ಲೇ ಉತ್ತರ ಇದೆ. ಸಿಡಿ ಅರ್ಧ ಎದ್ದು ವಾಪಸ್ ಕೂತಿದೆ ಅಂದರೆ ಲೆನ್ಸ್‌ಗೆ ಇನ್ನೂ ಪರೀಕ್ಷೆಯೇ ಬಂದಿಲ್ಲ. ಈ ಯಂತ್ರದಲ್ಲಿ ಸಿಡಿಗಳು ಅಡುಗೆಮನೆ ಸ್ಟ್ಯಾಂಡಿನ ತಟ್ಟೆಗಳ ಹಾಗೆ ನೆಟ್ಟಗೆ ನಿಂತಿರುತ್ತವೆ. ಒಂದು ಮೋಟರ್ ದೊಡ್ಡ ತಟ್ಟೆ ತಿರುಗಿಸುತ್ತೆ. ಇನ್ನೊಂದು ಮೋಟರ್ ಸಿಡಿಯನ್ನ ಗೂಡಿನಿಂದ ತಳ್ಳಿ, ಆಡಿಸುವ ಜಾಗಕ್ಕೆ ತಂದು, ಎರಡೂ ಕಡೆಯಿಂದ ಕ್ಲ್ಯಾಂಪ್ ಹಾಕುತ್ತೆ. ಕ್ಲ್ಯಾಂಪ್ ಪೂರ್ತಿ ಕೂತಾಗ ಒಂದು ಪುಟ್ಟ ಸ್ವಿಚ್ ‘ಟಿಕ್’ ಅನ್ನಬೇಕು. ಕೆಲವು ಸೆಕೆಂಡಲ್ಲಿ ಆ ಟಿಕ್ ಬರದಿದ್ದರೆ ಒಳಗಿನ ಚಿಪ್ ಹೆದರಿಕೊಂಡು ಮೋಟರನ್ನ ಹಿಂದಕ್ಕೆ ತಿರುಗಿಸಿ ಸಿಡಿ ಗೂಡಿಗೆ ಸೇರಿಸುತ್ತೆ. ನಿಮ್ಮಲ್ಲಿ ಆಗಿರೋದು ಅದೇ. ಆ ಎರಡನೇ ಮೋಟರಿಗೂ ಗೇರಿಗೂ ನಡುವೆ ಒಂದು ರಬ್ಬರ್ ಬೆಲ್ಟ್ ಇರುತ್ತೆ. ಅದು ಜಾರ್ತಿದೆ. ‘ಕರ್ರ್’ ಅಂದಿದ್ದು ಅದೇ.

ಬಿಚ್ಚೋ ಮುಂಚೆ ಒಂದು ಪ್ರಶ್ನೆ. ಅಮೆರಿಕದ ಮಾಲು ಅಂದ್ರೆ 120 ವೋಲ್ಟ್. ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆಯಾ? ಯಾರಾದರೂ ನೇರ ಗೋಡೆಗೆ ಚುಚ್ಚಿದ ಇತಿಹಾಸ ಇದೆಯಾ?

ಅಡಿಕೆಚಪ್ಪರ · ಸೋಮವಾರ ಬೆಳಿಗ್ಗೆ 6:30

100 ವಾಟಿನ ಸ್ಟೆಪ್‌ಡೌನ್ ಇದೆ, ಇಟ್ಟಿಗೆಯಷ್ಟು ಭಾರ. ನೇರ ಚುಚ್ಚಿದ ಇತಿಹಾಸವೂ ಇದೆ, ಭಾವ 2006ರಲ್ಲಿ. ಆಗ ಒಳಗಿನ ಫ್ಯೂಸ್ ಮಾತ್ರ ಹೋಗಿತ್ತು. ಭಾವ ಈಗಲೂ ಒಪ್ಪಿಕೊಂಡಿಲ್ಲ.

ಧಾರವಾಡಪೇಢೆ · ಸೋಮವಾರ ಬೆಳಿಗ್ಗೆ 8:15

ಅಲ್ರೀ ಸ್ವಾಮಿಯವರ, ನನಗೊಂದು ಸಂಶಯ ಐತಿ. ಅಲ್ಲಿ ಕರೆಂಟ್ 60 ಹರ್ಟ್ಸ್, ನಮ್ಮಲ್ಲಿ 50. ಸ್ಟೆಪ್‌ಡೌನ್ ವೋಲ್ಟೇಜ್ ಇಳಸ್ತದ ಖರೆ, ಹರ್ಟ್ಸ್ ಬದಲ್ ಮಾಡೂದಿಲ್ಲ. ಹಂಗಾದ್ರ ಭೀಮಸೇನ ಜೋಶಿಯವರ ಧ್ವನಿ ಒಂದು ಪಟ್ಟಿ ಕೆಳಗ ಇಳಿಯೂದಿಲ್ಲೇನ್ರಿ? ನಮ್ಮ ಮಾಮಾರ ಹಳೇ ರೆಕಾರ್ಡ್ ಪ್ಲೇಯರ್‌ದಾಗ ಹಂಗ ಆಗಿತ್ತು.

ಸೋಲ್ಡರ್‌ಸ್ವಾಮಿ · ಸೋಮವಾರ ಬೆಳಿಗ್ಗೆ 9:02

ಒಳ್ಳೆ ಪ್ರಶ್ನೆ. ಮಾಮಾರ ರೆಕಾರ್ಡ್ ಪ್ಲೇಯರಿನ ಮೋಟರ್ ಕರೆಂಟಿನ ತಾಳಕ್ಕೇ ಕುಣಿಯುತ್ತಿತ್ತು, ಅದಕ್ಕೆ ನಿಧಾನ ಆಯ್ತು. ಸಿಡಿಯಲ್ಲಿ ತಾಳ ಹಾಕೋದು ಒಳಗಿರುವ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 44,100 ಸ್ಯಾಂಪಲ್ ಅಂದ್ರೆ ಅಷ್ಟೇ, ಶಿರಸಿಯಾದರೇನು ಸಿಯಾಟಲ್ ಆದರೇನು. ಸಿಡಿಯ ತಿರುಗುವಿಕೆಯೂ ಒಂದೇ ಸಮ ಇರಲ್ಲ. ಓದು ಶುರುವಾಗೋದು ಒಳಗಡೆಯಿಂದ, ಆಗ ನಿಮಿಷಕ್ಕೆ ಸುಮಾರು 500 ಸುತ್ತು; ಹೊರ ಅಂಚು ತಲುಪುವಾಗ 200 ಸುತ್ತು. ಎಷ್ಟು ಓಡಬೇಕು ಅನ್ನೋದನ್ನ ಯಂತ್ರ ತಾನೇ ನೋಡ್ಕೊಳ್ಳುತ್ತೆ. 50 ಹರ್ಟ್ಸ್‌ನಿಂದ ಆಗೋದಿಷ್ಟೇ, ಟ್ರಾನ್ಸ್‌ಫಾರ್ಮರ್ ತುಸು ಹೆಚ್ಚು ಬೆಚ್ಚಗಾಗುತ್ತೆ.

ಧಾರವಾಡಪೇಢೆ · ಸೋಮವಾರ ಬೆಳಿಗ್ಗೆ 9:10

ಸಮಾಧಾನ ಆತ್ರಿ. ಇನ್ನೊಂದು. ಜ್ಯೂಕ್‌ಬಾಕ್ಸ್ ಅಂದ್ರ ಮುಂಬೈ ಇರಾನಿ ಹೋಟೆಲ್‌ನ್ಯಾಗ ನಾಣ್ಯ ಹಾಕಿ ಹಾಡು ಕೇಳೂದಲ್ಲೇನ್ರಿ?

ಸೋಲ್ಡರ್‌ಸ್ವಾಮಿ · ಸೋಮವಾರ ಬೆಳಿಗ್ಗೆ 9:31

ಅದೇ ವಂಶ. 1948ರಲ್ಲಿ ಬಂದ ಸೀಬರ್ಗ್ ಎಂ100ಎ ಅನ್ನೋ ಪೆಟ್ಟಿಗೇಲಿ 50 ರೆಕಾರ್ಡ್, ಎರಡೂ ಮಗ್ಗಲು ಸೇರಿ 100 ಆಯ್ಕೆ. ಅದರಲ್ಲೂ ರೆಕಾರ್ಡುಗಳನ್ನ ನೆಟ್ಟಗೆ ನಿಲ್ಲಿಸಿ, ನೆಟ್ಟಗೇ ಆಡಿಸ್ತಿದ್ರು. ಅಡಿಕೆಚಪ್ಪರ ಅವರ ಪೆಟ್ಟಿಗೆ ಅದರ ಮೊಮ್ಮಗ, ನಾಣ್ಯದ ಡಬ್ಬಿ ಇಲ್ಲ ಅಷ್ಟೆ.

ನ್ಯೂಜೆರ್ಸಿಯ_ನಂಜುಂಡ · ಸೋಮವಾರ ಸಂಜೆ 6:44

ನನ್ನ ಬೇಸ್‌ಮೆಂಟಲ್ಲೂ ಇದೇ ಜಾತಿಯ ಪೆಟ್ಟಿಗೆ ಇದೆ, ಯಾರ್ಡ್ ಸೇಲಲ್ಲಿ 10 ಡಾಲರ್‌ಗೆ ತಗೊಂಡಿದ್ದು. ಬೆಲ್ಟ್ ವಿಷಯ ನೂರಕ್ಕೆ ನೂರು ನಿಜ. ಬಿಚ್ಚೋ ಮುಂಚೆ ಎಲ್ಲ ಸಿಡಿ ತೆಗೀರಿ, ಆದ್ರೆ ಅದೇ ಕ್ರಮದಲ್ಲಿ ಇಟ್ಕೊಳಿ. ನಾನು ಹಾಸಿಗೆ ಮೇಲೆ ರಾಶಿ ಹಾಕಿದ್ದೆ, ಮಗಳು ಬಂದು ಅದರ ಮೇಲೆ ಹಾರಿದಳು. ಅಲ್ಲಿಗೆ ಕ್ರಮವೂ ಮುಗೀತು, ಆರು ಸಿಡಿಯೂ ಮುಗೀತು.

ಅಡಿಕೆಚಪ್ಪರ · ಬುಧವಾರ ರಾತ್ರಿ 10:15

ಇವತ್ತು ಮಳೆ, ತೋಟದ ಕೆಲಸ ಇಲ್ಲ. ಬಿಚ್ಚಿದೆ.

ಸಿಡಿಗಳನ್ನ ಹತ್ತು ಹತ್ತರಂತೆ ಬಾಳೆನಾರಿನ ದಾರಕ್ಕೆ ಪೋಣಿಸಿ ಚೀಟಿ ಕಟ್ಟಿದೆ. ಮುಚ್ಚಳದ ಸ್ಕ್ರೂ ತೆಗೆದ ಕೂಡಲೇ ಬಂದ ವಾಸನೆ ಮಳೆಗಾಲದ ಕಪಾಟಿನದ್ದು. ತಟ್ಟೆಯ ನಡುವಿನ ಸ್ಕ್ರೂ ಬಿಚ್ಚಿದರೆ ಇಡೀ ತಟ್ಟೆ ಮೇಲಕ್ಕೆ ಬರುತ್ತೆ. ಎತ್ತಿದೆ. ಕೆಳಗಿದ್ದದ್ದು: ಒಣಗಿದ ಎರಡು ಹಲ್ಲಿ ಮೊಟ್ಟೆ, ಅದರ ಸುತ್ತ ಕರಿ ಬಿಳಿ ಹಿಕ್ಕೆ, ಇರುವೆ ರೆಕ್ಕೆ ಒಂದು ಚಮಚೆ, ಒಂದು ಅಡಿಕೆ ಹೋಳು. ಅಡಿಕೆ ಹೋಳು ಹೇಗೆ ಹೋಯ್ತೋ ದೇವರೇ ಬಲ್ಲ.

ಬೆಲ್ಟ್ ವಿಷಯ ಸ್ವಾಮಿಯವರು ಹೇಳಿದ ಹಾಗೇ. ಬೆರಳಲ್ಲಿ ಮುಟ್ಟಿದೆ, ಅಂಟಿಕೊಂಡಿತು. ಒಂದು ಮಗ್ಗಲು ಗಾಜಿನಂತೆ ಹೊಳೆಯುತ್ತೆ, ಇನ್ನೊಂದು ಮಗ್ಗಲು ಕಾಸಿದ ಬೆಲ್ಲದ ಪಾಕ. ತೆಗೆದು ಮೇಜಿನ ಮೇಲಿಟ್ಟರೆ ಗುಂಡಗೆ ನಿಲ್ಲಲಿಲ್ಲ, ಮೊಟ್ಟೆ ಆಕಾರಕ್ಕೆ ಬಿತ್ತು. ಅಮ್ಮನ ಹೊಲಿಗೆ ಡಬ್ಬಿಯ ಎಲಾಸ್ಟಿಕ್ಕೋ ರಬ್ಬರ್ ಬ್ಯಾಂಡೋ ಹಾಕಬಹುದಾ?

ಕಡಲತಡಿ · ಬುಧವಾರ ರಾತ್ರಿ 10:32

ರಬ್ಬರ್ ಬ್ಯಾಂಡ್ ಬೇಡ. ನಾನು ಹಾಕಿ ನೋಡಿದವ. ಎರಡು ದಿನ ಚಂದ ಓಡ್ತದೆ, ಮೂರನೇ ದಿನ ತುಂಡಾಗಿ ಗೇರಿನ ಹಲ್ಲಿನೊಳಗೆ ಸಿಕ್ಕಿಹಾಕಿಕೊಳ್ತದೆ. ಆಮೇಲೆ ಚಿಮುಟದಲ್ಲಿ ಹೆಕ್ಕುವ ಕೆಲಸ ಬೇರೆ. ಹಳೇ ಬೆಲ್ಟನ್ನ ಬಿಸಿನೀರಲ್ಲಿ ಅದ್ದಿದ್ರೆ ಒಂದಿಷ್ಟು ದಿನ ಬಿಗಿ ಬರ್ತದೆ, ಆದ್ರೆ ನಿಮ್ಮದು ಪಾಕ ಆಗಿದೆಯಲ್ಲ, ಅದು ಹೋದ ಕೇಸು.

ಸೋಲ್ಡರ್‌ಸ್ವಾಮಿ · ಬುಧವಾರ ರಾತ್ರಿ 11:05

ಎಲಾಸ್ಟಿಕ್ ಬೇಡ, ಬ್ಯಾಂಡೂ ಬೇಡ. ಬೆಲ್ಟಿನ ಅಡ್ಡಕೊಯ್ತ ನೋಡಿ: ಚೌಕ ಇದ್ದರೆ ಚೌಕವೇ ತರಬೇಕು, ದಪ್ಪ ಬಹುಶಃ 1.2 ಮಿ.ಮೀ. ಇರುತ್ತೆ. ಬೆಲ್ಟನ್ನ ಒಂದು ಕಡೆ ಕತ್ತರಿಸಿ ಸ್ಕೇಲಿನ ಪಕ್ಕದಲ್ಲಿ ಎಳೆಯದೆ ಮಲಗಿಸಿ ಅಳೆಯಿರಿ. ಹಳೇದು ಹಿಗ್ಗಿರುತ್ತೆ, ಅದಕ್ಕೆ 5 ಶೇಕಡಾ ಕಳೀರಿ. ಬಂದದ್ದನ್ನ 3.14ರಿಂದ ಭಾಗಿಸಿದರೆ ಅಂಗಡಿಯಲ್ಲಿ ಕೇಳಬೇಕಾದ ವ್ಯಾಸ. ಉದಾಹರಣೆಗೆ ಉದ್ದ 118 ಮಿ.ಮೀ. ಬಂದರೆ, ಕಳೆದು 112, ವ್ಯಾಸ ಹತ್ತಿರ ಹತ್ತಿರ 36 ಮಿ.ಮೀ. ತೀರಾ ಬಿಗಿ ತಂದರೆ ಮೋಟರಿನ ಬುಷ್ ಸವೆಯುತ್ತೆ.

ಬೆಂಗಳೂರಿಗೆ ಬರೋರು ಯಾರಾದ್ರೂ ಇದ್ದರೆ ಎಸ್.ಪಿ. ರೋಡಲ್ಲಿ ಕೇಳಿಸಿ, ಟೇಪ್‌ರೆಕಾರ್ಡರ್ ಬೆಲ್ಟುಗಳ ಕಟ್ಟೇ ಸಿಗುತ್ತೆ. ಇಲ್ಲ ಅಂದ್ರೆ ಆನ್‌ಲೈನಲ್ಲಿ ಬಗೆಬಗೆ ಅಳತೆಯ ಪ್ಯಾಕೆಟ್ ತರಿಸಿ. ಹೊಸದು ಹಾಕೋ ಮುಂಚೆ ಪುಲ್ಲಿಯ ಕಾಲುವೆಯಲ್ಲಿರೋ ಹಳೇ ಪಾಕವನ್ನ ಐಸೋಪ್ರೊಪೈಲ್ ಆಲ್ಕೊಹಾಲಲ್ಲಿ ಪೂರ್ತಿ ಒರೆಸಬೇಕು. ಅದು ಉಳಿದರೆ ಹೊಸ ಬೆಲ್ಟೂ ಜಾರುತ್ತೆ. ನೇಲ್ ಪಾಲಿಶ್ ರಿಮೂವರ್ ಮಾತ್ರ ಹತ್ತಿರಕ್ಕೂ ತರಬೇಡಿ, ಅದರ ಅಸಿಟೋನ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ.

ಗೇರ್ ಬಿಚ್ಚಬೇಕಾಗಿ ಬಂದರೆ ಮೊದಲು ಫೋಟೊ ತೆಗೀರಿ. ಒಂದು ಹಲ್ಲು ಆಚೀಚೆ ಕೂತರೂ ಕ್ಲ್ಯಾಂಪ್ ಬೀಳೋ ಹೊತ್ತಿಗೆ ಸಿಡಿ ಇನ್ನೂ ದಾರೀಲಿರುತ್ತೆ.

ಹಲ್ಲಿ ಹಿಕ್ಕೆ ಎಲ್ಲಿ ಬಿದ್ದಿತ್ತು ಹೇಳಿ. ತಟ್ಟೆಯ ಅಂಚಿನ ಕೆಳಗೆ ಅಕ್ಷರ ‘ಯು’ ಆಕಾರದ ಕರಿ ಸೆನ್ಸರ್ ಇದೆಯಲ್ಲ, ಅದರ ಹತ್ತಿರವಾ?

ಅಡಿಕೆಚಪ್ಪರ · ಗುರುವಾರ ಬೆಳಿಗ್ಗೆ 7:05

ಹತ್ತಿರ ಅಲ್ಲ, ಅದರ ಬಾಯೊಳಗೇ!

ಸೋಲ್ಡರ್‌ಸ್ವಾಮಿ · ಗುರುವಾರ ಬೆಳಿಗ್ಗೆ 7:40

ಹಾಗಾದ್ರೆ ನಿಮ್ಮ ಗಾಣದೆತ್ತು ಸಿಕ್ಕಿಬಿತ್ತು. ಆ ಯು ಆಕಾರದ ಒಂದು ತೋಳಲ್ಲಿ ಕಣ್ಣಿಗೆ ಕಾಣದ ಬೆಳಕು, ಎದುರು ತೋಳಲ್ಲಿ ಅದನ್ನ ನೋಡೋ ಕಣ್ಣು. ತಟ್ಟೆಯ ಕೆಳಗಿನ ಹಲ್ಲುಗಳು ನಡುವೆ ಹಾದುಹೋಗುವಾಗ ಬೆಳಕು ಕತ್ತರಿಸುತ್ತೆ, ಯಂತ್ರ ಎಣಿಸುತ್ತೆ. ಒಂದು ಕಡೆ ಬೇರೆ ಥರದ ಗುರುತಿರುತ್ತೆ, ಎಣಿಕೆ ಶುರು ಅಲ್ಲಿಂದ. ಹಿಕ್ಕೆ ಕಣ್ಣು ಮುಚ್ಚಿದ್ರೆ ಎಣಿಕೆಯೇ ಇಲ್ಲ, ನಿಲ್ಲೋ ಜಾಗ ಗೊತ್ತಾಗದೆ ಸುತ್ತುತ್ತೆ. ಮೊದಮೊದಲು 37ಕ್ಕೆ ಸರಿಯಾಗಿ ನಿಂತಿದ್ದು, ಆಮೇಲೆ ಕೆಟ್ಟಿದ್ದು ಯಾಕೆ ಅಂದ್ರೆ, ಒಣಗಿದ್ದದ್ದು ಅಲುಗಾಟಕ್ಕೆ ಉರುಳಿ ಬಾಯಿಗೆ ಬಿದ್ದಿದೆ. ಒದ್ದೆ ಇಯರ್‌ಬಡ್‌ನಲ್ಲಿ ಮೆತ್ತಗೆ ಮಾಡಿ ತೆಗೀರಿ, ಕೆರೆಯಬೇಡಿ.

ನ್ಯೂಜೆರ್ಸಿಯ_ನಂಜುಂಡ · ಗುರುವಾರ ಸಂಜೆ 7:12

ಅಮೆರಿಕದ ಯಂತ್ರಕ್ಕೆ ಶಿರಸಿ ಹಲ್ಲಿ ಶಕುನ ಹೇಳಿದೆ.

ಅಡಿಕೆಚಪ್ಪರ · ಮುಂದಿನ ಮಂಗಳವಾರ ರಾತ್ರಿ 9:50

ಬೆಲ್ಟ್ ಬಂತು, ಹಾಕಿದೆ. ಉದ್ದ ಅಳೆದಾಗ 121 ಮಿ.ಮೀ. ಬಂದಿತ್ತು, 36.5 ವ್ಯಾಸದ್ದು ಸರಿಹೋಯ್ತು. ಸೆನ್ಸರ್ ಒರೆಸಿದೆ. ಸ್ವಿಚ್ ಒತ್ತಿದೆ. ತಟ್ಟೆ ಒಂದು ಸುತ್ತು ಹಾಕಿ ನಿಂತಿತು. 37. ಸಿಡಿ ಎದ್ದಿತು, ‘ಟಿಕ್’! ಆ ಟಿಕ್ ಕೇಳಿ ಅಪ್ಪ ಅಡುಗೆಮನೆಯಿಂದ ಬಂದರು.

ಆದರೆ ಸಿಡಿ ತಿರುಗಲೇ ಇಲ್ಲ. ಮತ್ತೆ ‘ನೋ ಡಿಸ್ಕ್’. ಈಗ ಮೋಟರ್ ಹೋಗಿದೆಯಾ? ಅಪ್ಪ ಏನೂ ಹೇಳದೆ ವಾಪಸ್ ಹೋದರು, ಅದು ಬೈಯ್ದಿದ್ದಕ್ಕಿಂತ ಕಷ್ಟ.

ಸೋಲ್ಡರ್‌ಸ್ವಾಮಿ · ಮಂಗಳವಾರ ರಾತ್ರಿ 10:26

ಇಲ್ಲಿ ಎಲ್ಲರೂ ಎಡವುತ್ತಾರೆ. ಸಿಡಿ ತಿರುಗಲಿಲ್ಲ ಅಂದ ಕೂಡಲೇ ಮೋಟರ್ ಬದಲಿಸ್ತಾರೆ. ಕ್ರಮ ಹೀಗಿದೆ: ಮೊದಲು ಲೇಸರ್ ಹೊತ್ತಿಕೊಳ್ಳುತ್ತೆ, ಲೆನ್ಸ್ ಎರಡು ಮೂರು ಸಲ ಹಿಂದೆ ಮುಂದೆ ಆಡಿ ಫೋಕಸ್ ಹುಡುಕುತ್ತೆ. ಸಿಡಿಯಿಂದ ಬೆಳಕು ಸರಿಯಾಗಿ ವಾಪಸ್ ಬಂದು ಫೋಕಸ್ ಸಿಕ್ಕಿದ ಮೇಲೆ ಮಾತ್ರ ಮೋಟರಿಗೆ ಅಪ್ಪಣೆ. ಫೋಕಸ್ ಸಿಗದಿದ್ದರೆ ಒಳ್ಳೇ ಮೋಟರೂ ಸುಮ್ಮನಿರುತ್ತೆ.

ಈಗ ಲೆನ್ಸ್ ಸರದಿ. ಆರು ವರ್ಷದ ಧೂಳು, ಮೇಲೆ ಮಲೆನಾಡಿನ ಬೂಷ್ಟು. ಹೊಸ ಇಯರ್‌ಬಡ್, ಒಂದೇ ಹನಿ ಐಸೋಪ್ರೊಪೈಲ್, ಮಗುವಿನ ಕಣ್ಣು ಒರೆಸೋ ಭಾರ ಅಷ್ಟೇ. ಲೆನ್ಸ್ ಕೂತಿರೋದು ಕೂದಲಿನಂಥ ಆಧಾರದ ಮೇಲೆ. ಒಣ ಬಡ್‌ನಲ್ಲಿ ಇನ್ನೊಮ್ಮೆ. ಯಂತ್ರ ಚಾಲೂ ಇದ್ದಾಗ ಲೆನ್ಸಿಗೆ ನೇರ ಕಣ್ಣಿಟ್ಟು ನೋಡಬೇಡಿ. 780 ನ್ಯಾನೋಮೀಟರಿನ ಬೆಳಕು ಅದು, ನಿಮಗೆ ಕಾಣೋದು ಮಸುಕು ಕೆಂಪು ಚುಕ್ಕೆ, ನಿಜದ ಜೋರು ಕಾಣಲ್ಲ.

ಧಾರವಾಡಪೇಢೆ · ಮಂಗಳವಾರ ರಾತ್ರಿ 10:40

ಪಿಕಪ್ (ಲೆನ್ಸ್, ಲೇಸರ್ ಇರೂ ಭಾಗ) ಬಾಜೂಕ ಪ್ರೀಸೆಟ್ ಅಂತ ತಿರುವೂ ಸಣ್ಣ ಸ್ಕ್ರೂ ಇರ್ತದ ನೋಡ್ರಿ, ಅದನ್ನ ಸ್ವಲ್ಪ ತಿರುವಿದ್ರ ಲೇಸರ್ ಜೋರ್ ಆಗ್ತದ. ನಾ ಮೂರು ಮಶಿನ್‌ದಾಗ ಮಾಡೀನಿ, ಮೂರೂ ಹಾಡ್ಯಾವ.

ಸೋಲ್ಡರ್‌ಸ್ವಾಮಿ · ಮಂಗಳವಾರ ರಾತ್ರಿ 10:52

ಹಾಡ್ಯಾವ, ಸರಿ. ಎಷ್ಟು ದಿನ ಹಾಡ್ಯಾವ?

ಧಾರವಾಡಪೇಢೆ · ಮಂಗಳವಾರ ರಾತ್ರಿ 10:55

ಒಂದು ನಾಕು ತಿಂಗಳ. ಇನ್ನೊಂದು ದೀಪಾವಳಿ ತನಕ. ಮೂರನೇದು ಮಾರಿಬಿಟ್ಟೆ, ಗೊತ್ತಿಲ್ಲ ನೋಡ್ರಿ.

ಸೋಲ್ಡರ್‌ಸ್ವಾಮಿ · ಮಂಗಳವಾರ ರಾತ್ರಿ 11:10

ಅದೇ ನಾನು ಹೇಳೋದು. ಸಾಯೋ ಲೇಸರಿಗೆ ಅದು ಕೊನೇ ಗಂಗಾಜಲ. ಬರೀ ಕೊಳೆಯಾದ ಲೇಸರಿಗೆ ಅದನ್ನ ಮಾಡಿದ್ರೆ ಬದುಕಿರೋದನ್ನ ಕೊಂದ ಹಾಗೆ. ಅಡಿಕೆಚಪ್ಪರ, ಆ ಪ್ರೀಸೆಟ್ ಮುಟ್ಟಬೇಡಿ.

ಅಡಿಕೆಚಪ್ಪರ · ಬುಧವಾರ ರಾತ್ರಿ 8:20

ಒರೆಸಿದೆ. ಬಡ್ ತುದಿ ಹೊಗೆಸೊಪ್ಪಿನ ಬಣ್ಣಕ್ಕೆ ಬಂತು. 37 ಹಾಡಿತು! ಜೋಶಿಯವರು ಮೊದಲ ಆಲಾಪ ಎತ್ತಿದಾಗ ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ‘ಪರವಾಗಿಲ್ಲ’ ಅಂದರು. ನಮ್ಮಪ್ಪನ ಬಾಯಲ್ಲಿ ಅದು ಪದ್ಮಭೂಷಣ.

ಈಗ ಉಳಿದದ್ದು: ಅಂಗಡಿಯಲ್ಲಿ ಕೊಂಡ ಸಿಡಿಗಳು ಹಾಡುತ್ತವೆ. ಮನೆಯಲ್ಲಿ ಬರ್ನ್ ಮಾಡಿಸಿದ ತಾಳಮದ್ದಲೆ ಸಿಡಿಗಳಲ್ಲಿ ಕೆಲವು ಹಾಡುತ್ತವೆ, ಕೆಲವು ‘ನೋ ಡಿಸ್ಕ್’, ಕೆಲವು ಅರ್ಧಕ್ಕೆ ತೊದಲುತ್ತವೆ. 112ನೇ ನಂಬರು ಹಾಕಿದ ಮೇಲಂತೂ ಅಂಗಡಿ ಸಿಡಿಗಳೂ ತೊದಲಲು ಶುರು.

ಕಡಲತಡಿ · ಬುಧವಾರ ರಾತ್ರಿ 8:45

112 ತೆಗೆದು ನೋಡಿ. ಕಾಗದದ ಲೇಬಲ್ ಅಂಟಿಸಿದ್ದಾ?

ಅಡಿಕೆಚಪ್ಪರ · ಬುಧವಾರ ರಾತ್ರಿ 9:15

ಹೌದು. ಅಪ್ಪ ಆ ಕಾಲದಲ್ಲಿ ಗುಂಡನೆಯ ಸ್ಟಿಕ್ಕರ್ ತಂದು, ಶಾಯಿ ಪೆನ್ನಲ್ಲಿ ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು ಬರೆದು ಅಂಟಿಸುತ್ತಿದ್ದರು. 112ರ ಲೇಬಲ್ ಅರ್ಧ ಇಲ್ಲ. ಹರಿದ ಭಾಗ ಕ್ಲ್ಯಾಂಪಿನ ಮೇಲೇ ಅಂಟಿಕೊಂಡು ಕೂತಿದೆ, ಉಗುರಿನಷ್ಟು ದಪ್ಪ. ನಾನು ಮೊದಲು ನೋಡಿದಾಗ ಅದು ಕ್ಲ್ಯಾಂಪಿನದ್ದೇ ಮೆತ್ತೆ ಅಂದ್ಕೊಂಡಿದ್ದೆ.

ಸೋಲ್ಡರ್‌ಸ್ವಾಮಿ · ಬುಧವಾರ ರಾತ್ರಿ 9:58

ಕಡಲತಡಿಯವರ ಮೂಗು ಚುರುಕು. ಕ್ಲ್ಯಾಂಪಿನ ಒಂದು ಮಗ್ಗಲಿಗೆ ಕಾಗದ ಕೂತರೆ ಸಿಡಿ ಓರೆಯಾಗಿ ಕೂರುತ್ತೆ. ಹಾಡಿನ ಗೆರೆಯಿಂದ ಗೆರೆಗೆ ದೂರ 1.6 ಮೈಕ್ರಾನ್. ಸಿಡಿ ಅಂಚು ಓಲಾಡಿದರೆ ಲೆನ್ಸ್ ಪಾಪ ಎಷ್ಟು ಅಂತ ಹಿಂಬಾಲಿಸುತ್ತೆ?

ಕಾಗದದ ಲೇಬಲ್ಲಿಗೆ ಮಲೆನಾಡಿನ ಹವೆ ಆಗಲ್ಲ. ತೇವ ಹೀರಿ ಹಿಗ್ಗುತ್ತೆ, ಒಣಗಿ ಕುಗ್ಗುತ್ತೆ, ಜೊತೆಗೆ ಸಿಡಿಯನ್ನೂ ಸೊಟ್ಟ ಮಾಡುತ್ತೆ. ಅಂಟಿಸಿದ ಲೇಬಲ್ ಕೀಳಲೂ ಹೋಗಬೇಡಿ. ಸಿಡಿಯ ದಪ್ಪ 1.2 ಮಿ.ಮೀ.; ನಾವು ಜೋಪಾನ ಮಾಡೋ ಹೊಳೆಯೋ ಮಗ್ಗಲು ಬರೀ ಪ್ಲಾಸ್ಟಿಕ್. ಹಾಡು ಇರೋದು ಲೇಬಲ್ ಕಡೆ, ತೆಳು ಮೆರುಗಿನ ಕೆಳಗೆ. ಲೇಬಲ್ ಕಿತ್ತರೆ ತಾಳಮದ್ದಲೆಯೂ ಅದರ ಜೊತೆ ಕಿತ್ತು ಬರುತ್ತೆ. ಲೇಬಲ್ ಅಂಟಿಸಿದ ಸಿಡಿಗಳನ್ನ ಈ ಯಂತ್ರದಿಂದ ಹೊರಗಿಡಿ. ಕಂಪ್ಯೂಟರ್ ಡ್ರೈವಿನಲ್ಲಿ ಕಡಿಮೆ ವೇಗಕ್ಕೆ ಇಳಿಸಿ ಕಾಪಿ ತೆಗೆದು, ಹೊಸ ಸಿಡಿ-ಆರ್‌ಗೆ ಬರೆದು, ಮೇಲೆ ಸಿಡಿಗಂತಲೇ ಸಿಗೋ ಮಾರ್ಕರಲ್ಲಿ ನಂಬರು ಮಾತ್ರ ಹಾಕಿ. ಅಳಿಸಿ ಮತ್ತೆ ಬರೆಯೋ ಆರ್‌ಡಬ್ಲ್ಯೂ ಸಿಡಿ ತರಬೇಡಿ. ಕಂಪನಿಯ ಸಿಡಿ ಕನಿಷ್ಠ 70 ಶೇಕಡಾ ಬೆಳಕು ವಾಪಸ್ ಕೊಡುತ್ತೆ, ಸಿಡಿ-ಆರ್ ಅದರ ಹತ್ತಿರ ಬರುತ್ತೆ, ಆರ್‌ಡಬ್ಲ್ಯೂ ಕೊಡೋದು 15ರಿಂದ 25 ಅಷ್ಟೇ. ಆ ಕಾಲದ ಪ್ಲೇಯರಿಗೆ ಅದು ಕತ್ತಲೆ.

ತೊದಲೋ ಸಿಡಿ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಿ, ದೋಸೆ ಹುಯ್ದ ಹಾಗೆ ಸುತ್ತ ಒರೆಸಬೇಡಿ. ಅಡ್ಡ ಗೀರು ಬಿದ್ದರೆ ಹೋದ ಚೂರನ್ನ ಯಂತ್ರ ಲೆಕ್ಕ ಹಾಕಿ ತುಂಬಿಸಿಕೊಳ್ಳುತ್ತೆ, ಹಾಡಿನ ಗೆರೆಯ ಉದ್ದಕ್ಕೆ ಸುಮಾರು 2.5 ಮಿ.ಮೀ. ತನಕ. ಗೆರೆಯ ಜೊತೆಗೇ ಉದ್ದಕ್ಕೆ ಬಿದ್ದ ಗೀರು ಅದನ್ನ ಎಷ್ಟೋ ಪಟ್ಟು ಮೀರಿರುತ್ತೆ.

ಡಿಜಿಟಲ್‌ದಾಸ · ಬುಧವಾರ ರಾತ್ರಿ 10:20

ಅಂತೂ ಕಂಪ್ಯೂಟರ್ ಬೇಕಾಯ್ತಲ್ಲ ಸಾರ್. ನಾನು ಮೊದಲ ದಿನವೇ ಹೇಳಿದ್ದೆ.

ಅಡಿಕೆಚಪ್ಪರ · ಶನಿವಾರ ಸಂಜೆ 5:30

ದಾಸರೇ, ಒಪ್ಪಿದೆ. ಲೇಬಲ್ ಇದ್ದ ಸಿಡಿ ಒಟ್ಟು 31. ಅದರಲ್ಲಿ 26 ಕಾಪಿ ಆದವು. ನಾಲ್ಕರ ಮೇಲೆ ಬೂಷ್ಟು ಒಳಗೇ ಇಳಿದಿದೆ. ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಚುಕ್ಕಿ ಚುಕ್ಕಿ ಆಚೆ ಕಾಣುತ್ತೆ. ಅವುಗಳ ಕ್ಯಾಸೆಟ್ ಅಟ್ಟದಲ್ಲಿರಬಹುದು ಅಂತಾರೆ ಅಪ್ಪ.

ಉಳಿದ ಒಂದು 112. ಕ್ಲ್ಯಾಂಪನ್ನ ಒರೆಸಲು ಒಂದು ಗಂಟೆ ಹಿಡಿಯಿತು, ಅಷ್ಟು ಗಟ್ಟಿ ಅಂಟು. ಲೇಬಲ್ ಹರಿದಿದ್ದರಿಂದ ಯಾವ ಪ್ರಸಂಗ ಅಂತ ಗೊತ್ತಿಲ್ಲ, ಹಾಲಿನ ಪುಸ್ತಕದಲ್ಲಿ ಆ ಸಾಲಿಗೆ ಇರುವೆ ತೂತು. ಕುತೂಹಲಕ್ಕೆ ಕಂಪ್ಯೂಟರಿಗೆ ಹಾಕಿದೆ.

ಖಾಲಿ ಸಿಡಿ. ಏನೂ ಬರೆದೇ ಇಲ್ಲ. ಅಪ್ಪನನ್ನ ಕೇಳಿದರೆ, “ಲೇಬಲ್ ಮೊದಲೇ ಮಾಡಿಟ್ಟಿದ್ದೆ, ಬರೆಸೋಕೆ ಪೇಟೆಗೆ ಹೋಗಬೇಕಿತ್ತು, ಅಷ್ಟರಲ್ಲಿ ಕೊಯ್ಲು ಬಂತು” ಅಂದರು.

ಧಾರವಾಡಪೇಢೆ · ಶನಿವಾರ ಸಂಜೆ 5:48

ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ ನೋಡ್ರಿ. ಹಂಗಾದ್ರ ‘ನೋ ಡಿಸ್ಕ್’ ಅಂತ ಮಶಿನ್ ಖರೇನ ಹೇಳಿತ್ತು!

ಕಡಲತಡಿ · ಶನಿವಾರ ಸಂಜೆ 6:30

ಮಳೆಗಾಲಕ್ಕೆ ಯಂತ್ರ ಇಡುವ ಕಪಾಟಿನಲ್ಲಿ ಒಂದು ಝೀರೋ ಬಲ್ಬ್ ಹಾಕಿಡಿ, ಗುಂಡಗಿನ ಹಳೇ ನಮೂನೆಯದ್ದು. ಎಲ್‌ಇಡಿ ಬೇಡ, ನಮಗೆ ಬೇಕಾದ್ದು ಬೆಳಕಲ್ಲ, ಬಿಸಿ. ನಮ್ಮಲ್ಲಿ ಕ್ಯಾಮೆರಾಗಳನ್ನ ಹಾಗೇ ಉಳಿಸಿಕೊಂಡದ್ದು. ಬಲ್ಬ್ ಯಂತ್ರಕ್ಕೆ ತಾಗಬಾರದು, ಒಂದು ಗೇಣು ದೂರ ಇರಲಿ. ಹಿಂದಿನ ಗಾಳಿಕಿಂಡಿಗೆ ಒಳಗಿನಿಂದ ಸೊಳ್ಳೆಪರದೆಯ ಚೂರು ಅಂಟಿಸಿ.

ಅಡಿಕೆಚಪ್ಪರ · ಶನಿವಾರ ರಾತ್ರಿ 9:05

ಪರದೆ ಹಾಕಿ ಆಯ್ತು. ಬಲ್ಬ್ ನಾಳೆ ಪೇಟೆಯಿಂದ. ಹಲ್ಲಿ ಗೋಡೆ ಮೇಲಿಂದ ಎಲ್ಲ ನೋಡ್ತಿದೆ. ಅಪ್ಪ 64 ಒತ್ತಿದ್ದಾರೆ, ಮನ್ಸೂರರು.

ನ್ಯೂಜೆರ್ಸಿಯ_ನಂಜುಂಡ · ಶನಿವಾರ ರಾತ್ರಿ 9:30

36.5 ವ್ಯಾಸ, 1.2 ಚೌಕ ಅಂದ್ರಿ ಅಲ್ವಾ? ನನ್ನದೂ ಈಗ ಅರ್ಧಕ್ಕೆ ಎದ್ದು ಕೂರೋಕೆ ಶುರು ಮಾಡಿದೆ.